ಉರ್ಹೋನ ಬೆರಳು

ಒಂದು ಸಲ, ಒಂದೇ ಸಲ, ಅವನನ್ನು ನಾನೊಬ್ಬಳೇ ಎತ್ತಿದೆ.
ಡುಲೂತಿನಲ್ಲಿ ಜನವರಿ; ಹಿಮಕ್ಕೆ ಬಸ್ಸು ನಿಂತು
ಜೊತೆಯ ಪಾಳಿಯವಳು ಬಂದಿರಲಿಲ್ಲ.
ಬೆಳಗಿನ ಆರಕ್ಕೆ, ಒದ್ದೆ ಹಾಸಿಗೆಯಲ್ಲಿ,
ಎಷ್ಟು ಹೊತ್ತು ಕಾಯಿಸಲಿ ಒಬ್ಬ ಮನುಷ್ಯನನ್ನು?
ಕಂಕುಳಿಗೆ ಕೈಕೊಟ್ಟೆ.
ಅವನ ಮೊಣಕಾಲು ಕೈಕೊಟ್ಟಿತು.

ಬಿದ್ದೆವೆನ್ನಲಾರೆ. ಗೋಡೆಗೆ ಬೆನ್ನು ಸವರುತ್ತ
ಇಬ್ಬರೂ ನೆಲಕ್ಕೆ ಕೂತೆವು, ಜಗಳವಾಡಿ ದಣಿದ ಮಕ್ಕಳ ಹಾಗೆ.
ಅವನ ಮುಂಗೈ ಚರ್ಮ ಈರುಳ್ಳಿ ಸಿಪ್ಪೆಯಂತೆ ಸುಲಿದಿತ್ತು.
ನನ್ನ ಸೊಂಟದೊಳಗೆ ಹೊಕ್ಕ ಚಳುಕು
ಬಾಡಿಗೆ ಕೊಡದೆ ಇನ್ನೂ ಅಲ್ಲೇ ಇದೆ.
"ಯಾಸ್ಸಾ," ಅಂದ, "ಭಾರ ತಿಳಿಯದೆ ಕೊಕ್ಕೆ ಹಾಕಬಾರದು."

ಗುರುವಾರ ಊಟದ ಕೋಣೆಯ ಮೂಲೆಮೇಜಿನಲ್ಲಿ ಸಭೆ.
ನರ್ಸ್ ಮಾರ್ಲಿಸ್ ಹಾಳೆ ನೋಡಿ ಓದಿದಳು:
ಇಬ್ಬರು. ಎತ್ತುವ ಯಂತ್ರ. ನಡು ಅಳತೆಯ ಜೋಲಿ.
ಎಡ ಭುಜ ಜೋಪಾನ. ಗಾಲಿಯ ಬೀಗ ಎರಡು ಸಲ ನೋಡುವುದು.
ಅವನು, ಅವನನ್ನು, ಅವನಿಗೆ.
ಅವನೋ, ಅಲ್ಲೇ ಕೂತು
ಕಾಫಿಗೆ ಬಿಸ್ಕತ್ತು ಅದ್ದುತ್ತಿದ್ದ.

ಅದ್ದಿದ್ದು ಮುರಿದು ಮುಳುಗಿದ ಮೇಲೆ ಬಾಯಿ ತೆರೆದ:
"ಮೂವತ್ತೊಂದು ವರ್ಷ ಬಂದರಿನಲ್ಲಿ ಕ್ರೇನು ನಡೆಸಿದೆ.
ಕೆಳಗೆ ನಿಂತವನ ಬೆರಳು ಸುತ್ತದೆ
ಒಂದು ಮೊಳೆಯನ್ನೂ ನೆಲ ಬಿಡಿಸಿದವನಲ್ಲ.
ಈಗ ನಾನೇ ಸರಕು. ಸರಿ.
ಬೆರಳು ಮಾತ್ರ ನನ್ನದಿರಲಿ."

ಮಾರ್ಲಿಸ್ ಕನ್ನಡಕ ತೆಗೆದಳು, ಒರೆಸಿದಳು, ಹಾಕಿಕೊಂಡಳು.
ಆ ನಮೂನೆಯಲ್ಲಿ ಅದಕ್ಕೊಂದು ಚೌಕವಿರಲಿಲ್ಲ.
ಅಂಚಿನಲ್ಲಿ ಅಡ್ಡಡ್ಡ ಬರೆದಳು.

ಈಗ ದಿನಾ ಇತ್ತ ನಾನು, ಅತ್ತ ಹುಡುಗ ಬ್ರೊಡಿ.
ತೊಡೆಯಡಿ ಪಟ್ಟಿ ಎಳೆದು, ನಾಲ್ಕೂ ಕೊಂಡಿ ಮುಟ್ಟಿ ನೋಡಿ
ಕಾಯುತ್ತೇವೆ.
ತೋರುಬೆರಳು ಏಳುತ್ತದೆ, ಗಾಳಿಯಲ್ಲೊಂದು ಸಣ್ಣ ಸೊನ್ನೆ.
ಯಂತ್ರ ಗುಂಯ್ಗುಡುತ್ತದೆ.
ನನ್ನ ತಾಯಿ ಮನ್ರೋವಿಯಾದ ಸಂತೆಗೆ
ನನ್ನನ್ನು ಬೆನ್ನಿಗೆ ಕಟ್ಟಿ ಹೋಗುತ್ತಿದ್ದಳಂತೆ:
ನಾನು ಒದ್ದರೆ ಹೊರಡುವುದು, ಅತ್ತರೆ ನಿಲ್ಲುವುದು.

ನಿನ್ನೆ, ಹಾಸಿಗೆಯಿಂದ ಗೇಣು ಮೇಲೆ,
ಬಲಗೈ ಚಾಚಿದ, ಅಂಗೈ ಕೆಳಮುಖ: ನಿಲ್ಲಿ.
ನೋವೇ? ಅಂದೆ. ತಲೆಯಾಡಿಸಿದ.
ಕಿಟಕಿಯಾಚೆ ಸರೋವರದ ಮಂಜುಗಡ್ಡೆ ಒಡೆದು
ವರ್ಷದ ಮೊದಲ ಹಡಗು ಒಳಬರುತ್ತಿತ್ತು,
ಅದಿರಿಗೆ, ಖಾಲಿ ಹೊಟ್ಟೆ ಹೊತ್ತು.

ತಿಂಡಿಯ ಗಂಟೆ ಹೊಡೆಯಿತು.
ಬ್ರೊಡಿ ನನ್ನ ಮುಖ ನೋಡಿದ.
ಎಷ್ಟು ಹೊತ್ತೆಂದು ಹಾಳೆಯಲ್ಲಿ ಬರೆದಿಲ್ಲ.