ಎದುರುನಾರು

ಮೂವತ್ತಾರು ವರ್ಷ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ
ಫಿಟ್ಟರಾಗಿದ್ದವನು ನಾನು.
ಕಬ್ಬಿಣ ಗೊತ್ತು. ಮರವೆಂದರೆ
ಕೂರುವುದು, ಮಲಗುವುದು, ಚಿಲಕ ಹಾಕುವುದು, ಅಷ್ಟೆ.

ಆದರೂ ಹೋದೆ ಮಂಡ್ಯಕ್ಕೆ, ಗುತ್ತಲು ರಸ್ತೆಗೆ,
ನಂಜುಂಡಾಚಾರಿಯ ತಗಡಿನ ಶೆಡ್ಡಿಗೆ.
ಗೋಣಿಚೀಲ ಸರಿಸಿದರು.
ಹಸಿರು ಬಣ್ಣ ಸುಲಿದ ಯಂತ್ರ.
ಒಂದೇ ಮೈಗೆ ಗರಗಸ, ಉಜ್ಜುಗೊರಡು, ಬೈರಿಗೆ,
ಒಂದೇ ಮೋಟಾರಿನ ಅನ್ನ ಉಂಡು
ಒಬ್ಬರ ಸರದಿ ಮುಗಿಯಲೆಂದು ಇನ್ನೊಬ್ಬರು ಕಾಯುವ
ಕೂಡುಕುಟುಂಬ.
ಹೊಟ್ಟು ಬೀಳುವ ಗೂಡಿನಲ್ಲಿ ಕೋಳಿಯೊಂದು ಕಾವು ಕೂತಿತ್ತು.

"ಮೊಟ್ಟೆ ಒಡೆಯೋಗಂಟ ತಡೀರಿ ಸ್ವಾಮಿ" ಅಂದರು ಆಚಾರಿ.
ತಮಾಷೆಯಲ್ಲ. ಹನ್ನೊಂದು ದಿನ ತಡೆದೆ.
ಫೋನು ಬಂತು:
"ಆರು ಮರಿ ಆದ್ವು. ಬಂದು ತಕ್ಕೊಂಡೋಗಿ."

ನಲವತ್ತು ಸಾವಿರ ಕೇಳಿ ಮೂವತ್ತೊಂದಕ್ಕೆ ಒಪ್ಪಿದರು.
ರೆಡಿಮೇಡ್ ಬಾಗಿಲು ಬಂದ ಮೇಲೆ
ಇದಕ್ಕೆ ಬರೀ ನಿದ್ದೆ ಅಂದರು.
ನೋಟು ಎಣಿಸಲಿಲ್ಲ. ಗರಗಸದ ಹಲ್ಲು
ಎರಡು ಸಲ ಎಣಿಸಿದರು.

ಟಾಟಾ ಏಸಿಗೆ ಏರಿಸಿ ಬಿಗಿದೆವು.
ಶ್ರೀರಂಗಪಟ್ಟಣದ ಹತ್ತಿರ ಹಗ್ಗ ಸಡಿಲಿ ವಾಲಿತು,
ಉಳಿದ ದಾರಿ ನಾನೇ ಹಿಂದೆ ನಿಂತು
ತಬ್ಬಿ ಹಿಡಿದು ಬಂದೆ.
ಕಬ್ಬಿನ ಟ್ರಾಕ್ಟರಿನ ಹುಡುಗ ನೋಡಿ ಶಿಳ್ಳೆ ಹಾಕಿದ.

ಕೋಮಲ ಗೇಟು ತೆರೆದು "ಇದ್ಯಾರು?" ಎಂದಳು.
"ಇದೇನು" ಅನ್ನಲಿಲ್ಲ.

ಆಮೇಲಿನ ಮೂರು ತಿಂಗಳು ನನ್ನ ಸೀಮೆ.
ಸೀಮೆಎಣ್ಣೆ ಕುಡಿಸಿ ಕುಡಿಸಿ ಒಂದೊಂದೇ ಬೋಲ್ಟು ಒಲಿಸಿಕೊಂಡೆ.
ಕೋಮಲಳ ಡಬ್ಬಿಯಿಂದ ಕದ್ದ ಹುಣಸೆಹಣ್ಣು
ಮೇಜಿಗೆ ಮೆತ್ತಿ ರಾತ್ರಿ ಬಿಟ್ಟರೆ
ಬೆಳಿಗ್ಗೆ ತುಕ್ಕಿನಡಿ ಬೂದುಬೆಳ್ಳಿಯ ಮೈ.
ಸಾರು ಸಪ್ಪೆಯಾಯಿತು, ಕಬ್ಬಿಣ ಹೊಳೆಯಿತು.
ಬೇರಿಂಗು ಎರಡೂ ಹೊಸವು. ಪುಲ್ಲಿಯ ಕೀಲು
ಅರದಲ್ಲಿ ಉಜ್ಜಿ ನಾನೇ ಮಾಡಿದ್ದು.
ತ್ರೀ ಫೇಸಿನ ಮೋಟಾರು ನಮ್ಮ ಮನೆಗೆ ಒಗ್ಗದು,
ಗುಜರಿಗೆ ಕೊಟ್ಟು ಸಿಂಗಲ್ ಫೇಸಿನದು ತಂದೆ.
ಹೊಟ್ಟಿನ ಗೂಡಿನಲ್ಲಿ ಸಿಕ್ಕವು:
ಕಿವಿಗೆ ಸಿಕ್ಕಿಸುವ ಮೋಟು ಪೆನ್ಸಿಲು, ಕೋಳಿಪುಕ್ಕ,
ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಬೀಟೆಯ ಒಂದು ಎಳೆ.
ಪೆನ್ಸಿಲು ಎಸೆಯಲು ಮನಸ್ಸು ಬರಲಿಲ್ಲ.

ಕರೆಂಟು ಕೊಟ್ಟ ದಿನ, ಓಡುವ ಯಂತ್ರದ ಮೇಲೆ
ಐದು ರೂಪಾಯಿಯ ನಾಣ್ಯ ಅಂಚಿನ ಮೇಲೆ ನಿಲ್ಲಿಸಿದೆ.
ಬೀಳಲಿಲ್ಲ.
ವರ್ಕ್‌ಶಾಪಾಗಿದ್ದರೆ ಯಾರಾದರೂ ಟೀ ಕುಡಿಸುತ್ತಿದ್ದರು.

ಬಂಬೂ ಬಜಾರಿನಿಂದ ತಂದ ಹಲಸಿನ ಹಲಗೆ ಕೊಟ್ಟೆ.
ಕಿರುಚಿತು. ಕಿತ್ತು ಕಿತ್ತು ಬಂತು,
ಕೋಳಿ ಕೆದರಿದ ತಿಪ್ಪೆ.
ಬ್ಲೇಡು ಬಿಚ್ಚಿ ಮಸೆದು ಕೂರಿಸಿದೆ. ಮತ್ತೆ ಅದೇ.
ಅಳತೆಯೆಲ್ಲ ಸರಿ. ಅಳತೆಯೆಲ್ಲ ಸರಿಯಿದ್ದೂ ಕೆಲಸ ಕೆಡುವುದು
ನಾನು ಕಂಡದ್ದಲ್ಲ.

ನಾಚಿಕೆ ಬಿಟ್ಟು ಆಚಾರಿಗೆ ಫೋನು ಮಾಡಿದೆ.
"ವಸಿ ಅದರ ಹತ್ರ ಹಿಡೀರಿ."
ಹಿಡಿದೆ. ಒಂದು ಗೇಣು ಓಡಿಸಿದೆ.
ಆ ಕಡೆ ಬರೀ ಉಸಿರು.
"ಮಿಷನ್ನು ವೈನಾಗೈತೆ," ತುಸು ತಡೆದು,
"ನಾ ಇಟ್ಕೊಂಡಿದ್ದಕ್ಕಿಂತ.
ಹಲಗೆ ತಿರುಗಿಸಿ ಕೊಡಿ, ಎದುರುನಾರು ಹೊಡೀತಿದ್ದೀರಿ.
ಮರಕ್ಕೆ ಬೆಳೆದ ದಿಕ್ಕು ಅಂತ ಒಂದೈತೆ ಸ್ವಾಮಿ.
ಬೆಕ್ಕಿನ ಬೆನ್ನು ಸವರಕಿಲ್ವಾ, ಹಂಗೆ."

ಕಬ್ಬಿಣಕ್ಕೆ ದಿಕ್ಕಿಲ್ಲ. ಯಾವ ಕಡೆಯಿಂದ ಅರ ಹಾಕಿದರೂ
ಒಪ್ಪಿಕೊಳ್ಳುತ್ತದೆ.
ಮೂವತ್ತಾರು ವರ್ಷ ಹಾಗೇ ಮಾತಾಡಿದ್ದೆ ನಾನು,
ಮನೆಯಲ್ಲೂ.

ತಿರುಗಿಸಿದೆ. ಸದ್ದು ಇಳಿಯಿತು.
ಹಳದಿ ಸಿಪ್ಪೆ ಸುರುಳಿ ಸುರುಳಿ ಪಾದದ ಮೇಲೆ, ಬೆಚ್ಚಗೆ.
ಆಚಾರಿ ಒಂದು ಮಾತೂ ಆಡಲಿಲ್ಲ,
ಹಲಗೆ ಮುಗಿಯುವ ತನಕ ಫೋನೂ ಇಡಲಿಲ್ಲ.

ಮೊದಲ ಕಾಲುಮಣೆ ಕುಂಟುತ್ತದೆ.
ಒಂದು ಕಾಲಡಿಗೆ ಬೆಂಕಿಪೊಟ್ಟಣದ ರಟ್ಟು ಮಡಿಸಿಟ್ಟು
ಕೋಮಲ ಅದರ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಾಳೆ.
ಸರಿಮಾಡಿ ಕೊಡಲಾ ಎಂದು ಕೇಳಿದೆ.
"ಇದು ಇರಲಿ ಬಿಡಿ.
ಮೊದಲು ಹುಣಸೆಹಣ್ಣು ತಂದುಕೊಡಿ."