ಎಷ್ಟು ಗೋಡೆ?

ಅಂಗಡಿಗೆ ಬಂದವರನ್ನು ನಾನು ಮೊದಲು ಕೇಳುವುದು
ಎಷ್ಟು ದುಡ್ಡು ತಂದಿದ್ದೀರಿ ಅಂತಲ್ಲ,
ಎಷ್ಟು ಗೋಡೆ ಅಂತ.

ಕುತಾಯಿಸಿಯಲ್ಲಿ, ಹೊಳೆಯಿಂದ ಮೇಲಕ್ಕೆ ಹತ್ತುವ ಬೀದಿಯಲ್ಲಿ
ಕೊಡೆ ರಿಪೇರಿಯವನ ಪಕ್ಕ ನನ್ನದು,
ಒಂದು ಬಾಗಿಲು, ಮುನ್ನೂರು ವಯರು.
ಜನವರಿಯ ಮಧ್ಯಾಹ್ನ ತ್ಸಿಯಾಲಾ ಬಂದರು:
ಎಪ್ಪತ್ತೊಂದು ವರ್ಷ, ಗಂಡಸರ ಕೋಟು,
ಕೈಚೀಲದಿಂದ ಇಣುಕುವ ಕೊತ್ತಂಬರಿ ಕಟ್ಟು.

"ಎರಡು ಗೋಡೆ," ಎಂದರು.
"ಒಂದು ನನ್ನದು, ಒಂದು ಅಂಗಳದಾಚೆ ವಾಜಾನದು.
ನನ್ನದು ಮೊಳ ದಪ್ಪ, ತುಂಬಾ ಕಲ್ಲು.
ಇಂಟರ್ನೆಟ್ಟು ಅವನದು. ಪಾಸ್‌ವರ್ಡು ಕೊಟ್ಟಿದ್ದಾನೆ,
ತಿಂಗಳಿಗೊಂದು ಬಾಟಲಿ ಹುಳಿ ಪ್ಲಮ್ಮಿನ ಚಟ್ನಿಗೆ."

ಚದುರಂಗ ಆಡುತ್ತಾರೆ. ಹಿಂದಿನ ರಾತ್ರಿ
ಎರಡೇ ನಡೆಯ ಮಾತು, ಎದುರಾಳಿಯ ರಾಜ ಮೂಲೆ ಹಿಡಿದಿದ್ದ,
ಇವರು ಆನೆಯನ್ನು ಎತ್ತಿ ಇಟ್ಟರು.
ಇಟ್ಟದ್ದು ಇಲ್ಲಿ ಮಾತ್ರ.
ಅಲ್ಲಿ ಗಡಿಯಾರ ಓಡುತ್ತಲೇ ಇತ್ತು,
ಇಲ್ಲಿ ಪರದೆಯ ನಡುವೆ ಸಣ್ಣದೊಂದು ಚಕ್ರ
ಸುತ್ತಿ, ಸುತ್ತಿ, ಸುತ್ತಿ.
ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.
"ಸೋತದ್ದಕ್ಕೆ ಬೇಜಾರಿಲ್ಲ, ಮಲ್ಖಾಜ್.
ನಾನು ಎದ್ದು ಹೋದೆ ಅಂದುಕೊಂಡಿರುತ್ತಾನೆ."

ಮೇಜಿನ ಮೇಲೆ ಮೂರು ಇಟ್ಟೆ.
ಮೊದಲನೆಯದು ಉಗುರಿನಷ್ಟು. ಚೆಲುವೆ.
ಚುಚ್ಚಿದರೆ ಇದೆಯೋ ಇಲ್ಲವೋ;
ಕೆಲಸವೂ ಹಾಗೇ, ಇದೆಯೋ ಇಲ್ಲವೋ.
ಎರಡನೆಯದಕ್ಕೆ ನಾಲ್ಕು ಕೊಂಬು, ಡಬ್ಬದ ಮೇಲೆ
ಮಿಂಚು, ಚಿರತೆ, ಸೊನ್ನೆಗಳ ಮೆರವಣಿಗೆ.
ಆ ಸೊನ್ನೆಗಳೆಲ್ಲ ಒಂದೇ ಕೋಣೆಯಲ್ಲಿ
ಮುಖಕ್ಕೆ ಮುಖ ಕೊಟ್ಟು ಕೂತಾಗಿನವು.
ಐದರ ಅಲೆ ಓಟಗಾರ, ಕಲ್ಲು ಕಂಡರೆ ಕೂತುಬಿಡುತ್ತದೆ.
ಎರಡು ಪಾಯಿಂಟ್ ನಾಲ್ಕು ನಿಧಾನಿ,
ತೇವ ಇಳಿಯುವ ಹಾಗೆ ಗೋಡೆಯೊಳಗೆ ಇಳಿದು ಬರುತ್ತದೆ.
ಚದುರಂಗಕ್ಕೆ ಬೇಕಾದ್ದೆಷ್ಟು? ಒಂದು ನಡೆ ಎಂದರೆ
ನಾಲ್ಕು ಅಕ್ಷರ. ಹೊಳೆ ಬೇಡ,
ಹನಿ ತಪ್ಪಬಾರದು.

ಮೂರನೆಯದು ಕಪ್ಪು. ಒಂದೇ ಕೊಂಬು, ತಿರುಗುವ ಕೀಲು,
ಬೆಲೆ ಇಪ್ಪತ್ತೆರಡು ಲಾರಿ.
ಒಳಗೆ ಯಾವ ಚಿಪ್ ಅಂತ ಡಬ್ಬ ಬಾಯಿಬಿಡುವುದಿಲ್ಲ.
ಅದೇ ಹೆಸರು, ಅದೇ ಬಣ್ಣ; ಹಿಂಬದಿಯಲ್ಲಿ
ಇರುವೆ ಕಾಲಿನಷ್ಟು "ವಿ ೨" ಅಂತಿದ್ದರೆ
ಒಳಗಿನ ಆಸಾಮಿಯೇ ಬೇರೆ.
ಇವರ ಯಂತ್ರದಲ್ಲಿ ಲಿನಕ್ಸ್, ಸೋದರಳಿಯ ಹಾಕಿಕೊಟ್ಟದ್ದು.
ಹೊಸ ಚಿಪ್ ಕಂಡರೆ ಅದು ನೀನ್ಯಾರು ಅನ್ನುತ್ತದೆ,
ಹಳೆಯದಕ್ಕೆ ಮಣೆ ಹಾಕುತ್ತದೆ, ಡ್ರೈವರ್ ಕೇಳದೆ.
ಭೂತಗನ್ನಡಿ ಹಿಡಿದು ಆರು ಡಬ್ಬ ತಿರುವಿದೆವು.
ಸಿಕ್ಕಿತು. ಅವರ ಕಣ್ಣೇ ಚುರುಕು.

"ಕಂಪ್ಯೂಟರಿನ ಬೆನ್ನಿಗೆ ಚುಚ್ಚಬೇಡಿ," ಎಂದೆ,
"ತಗಡಿನ ಹಿಂದೆ ಕೂತರೆ ಅದಕ್ಕೆ ಕಿವಿ ಮಂದ.
ಈ ಉದ್ದನೆ ವಯರು ಹಾಕಿ, ಕಿಟಕಿಗೆ ತನ್ನಿ."

ಎರಡು ವಾರ ಕಳೆದು ಆ ಅಂಗಳಕ್ಕೆ ಹೋದೆ,
ಯಾರದೋ ಪ್ರಿಂಟರು ಹೊತ್ತು.
ತಲೆ ಎತ್ತಿದರೆ ಎರಡನೇ ಮಹಡಿಯ ಕಿಟಕಿಗಾಜಿನೊಳಗೆ,
ಒಣಮೆಣಸಿನಕಾಯಿ ಸರದ ಪಕ್ಕ,
ಬೋಗುಣಿಯಂಥ ಒಂದು ಹಿಟ್ಟಿನ ಜರಡಿ. ಕಬ್ಬಿಣದ ಬಲೆಯದು.
ಅದರ ಹೊಟ್ಟೆಯಲ್ಲಿ ನನ್ನ ಅಡಾಪ್ಟರು,
ಬಟ್ಟೆಯ ಕ್ಲಿಪ್ಪು ಕಚ್ಚಿಸಿಕೊಂಡು,
ವಾಜಾನ ಬಾಗಿಲಿಗೆ ಮುಖ ಮಾಡಿ.

"ಯಾರು ಕಲಿಸಿದರು?"
"ಕೇಳಿಸದಿದ್ದಾಗ ಕಿವಿಯ ಹಿಂದೆ ಕೈ ಇಡುತ್ತೇವಲ್ಲ, ಹಾಗೆ."
ಎರಡು ಗೆರೆ ಇದ್ದದ್ದು ನಾಲ್ಕಾಗಿತ್ತು.
ಇಪ್ಪತ್ತು ವರ್ಷದ ಕಸುಬು, ನನಗೆ ಹೊಳೆದಿರಲಿಲ್ಲ.
"ಮತ್ತೆ ಹಿಟ್ಟು?"
"ಗಂಟು ಗಂಟಾಗಿಯೇ ತಿನ್ನುತ್ತೇನೆ."

ಅವನು ಸಿಕ್ಕನಂತೆ. ಯಾವ ಊರೋ,
ಹೆಸರಿನ ಜಾಗದಲ್ಲಿ ಬರೀ ಅಂಕಿ.
ಇವರು ಬರೆದರು: ಆವತ್ತು ನಾನು ಎದ್ದು ಹೋಗಿರಲಿಲ್ಲ. ಗೋಡೆ.
ಅವನು ಏನೂ ಬರೆಯಲಿಲ್ಲ;
ಕಾಲಾಳನ್ನು ಎರಡು ಮನೆ ಮುಂದಿಟ್ಟ.

ಈಗ ಇವರ ಸರದಿ.
ಕನ್ನಡಕ ಏರಿಸಿಕೊಂಡು, ನನ್ನತ್ತ ನೋಡದೆ:
"ಹೋಗುವಾಗ ಬಾಗಿಲು ಹಾಕಿಕೋ. ಮೆಲ್ಲಗೆ.
ಜರಡಿ ಅಲ್ಲಾಡೀತು."