ಮೂರನೇ ಪಿರಿಯಡ್ಡು

ಊರಿಗೆ ಊರೇ ಕಾಗದ ಮಾಡುತ್ತಿದ್ದ ಕಾಲವೊಂದಿತ್ತು.
ಈಗ ಗಿರಣಿಯ ಚಿಮಣಿಯಲ್ಲಿ ಹಕ್ಕಿ ಗೂಡು,
ನದಿಗೆ ಮಾತ್ರ ಇನ್ನೂ ಗಂಧಕದ ನೆನಪು.
ಮೇಯ್ನ್ ಸೀಮೆಯ ಈ ಮೂಲೆಯ ಹೈಸ್ಕೂಲಿನಲ್ಲಿ
ಹತ್ತನೇ ಕ್ಲಾಸಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ.
ಹೆಸರು ಲಿಸೆಟ್ ಪೆಲ್ಟಿಯೆ. ಮಕ್ಕಳ ಬಾಯಲ್ಲಿ ಬರೀ ಮಿಸ್ ಪಿ.

ಪಠ್ಯಕ್ರಮದ ಪ್ರಕಾರ ಪ್ರಬಂಧಕ್ಕೆ ಐದು ಪ್ಯಾರಾ:
ಪೀಠಿಕೆ, ನಡುವೆ ಮೂರು ಕಾರಣ, ಕೊನೆಗೆ
ಪೀಠಿಕೆಯನ್ನೇ ಮಗುಚಿ ಹಾಕಿದ ಉಪಸಂಹಾರ.
ಇಪ್ಪತ್ತಾರು ಮಕ್ಕಳು, ಇಪ್ಪತ್ತಾರು ಪೆಟ್ಟಿಗೆ,
ಎಲ್ಲಕ್ಕೂ ಒಂದೇ ಅಳತೆ, ಒಳಗೆ ಯಾರೂ ಇಲ್ಲ.

ನವೆಂಬರಿನ ಒಂದು ಮಂಗಳವಾರ, ಹೀಟರು ಕೆಮ್ಮುತ್ತಿದ್ದಾಗ,
ಪುಸ್ತಕ ಮುಚ್ಚಿ ಮೇಜಿನ ಅಂಚಿಗೆ ಕೂತೆ.
"ನಿಜ ಬರೆಯಿರಿ" ಅಂದೆ.
"ಯಾವ ನಿಜ?" ಕಿಟಕಿ ಪಕ್ಕದ ಟ್ಯಾನಿಸ್.
"ಹೇಳಹೊರಟರೆ ಗಂಟಲು ಕಟ್ಟುತ್ತದಲ್ಲ, ಅದು."
"ಹಾಗಾದರೆ ಮೊದಲು ನೀವು"
ಅಂದ ಕೊನೇ ಸಾಲಿನ ಕೋಲ್ಬಿ, ಟೋಪಿ ತೆಗೆಯದೆ.

ನ್ಯಾಯವೇ. ಹೇಳಿದೆ.

ನನಗಾಗ ಒಂಬತ್ತು. ಮನೆಮಾತು ಫ್ರೆಂಚು,
ಶಾಲೆಯ ಅಂಗಳದಲ್ಲಿ ಅದು ನಗೆಪಾಟಲು.
ಅವತ್ತು ಬುತ್ತಿ ಮರೆತಿದ್ದೆ. ಅಜ್ಜಿ (ಮೆಮೇರ್ ಅನ್ನುತ್ತೇವೆ ನಾವು)
ಅಜ್ಜನ ಗಿರಣಿ ಬೂಟು ಮೆಟ್ಟಿ
ಕೆಸರಲ್ಲಿ ಒಂದೂವರೆ ಮೈಲಿ ನಡೆದು
ಕ್ಲಾಸಿನ ಬಾಗಿಲಲ್ಲಿ ನಿಂತು ನನ್ನ ಹೆಸರು ಕರೆದಳು,
ಆ ಹೆಸರನ್ನು ಕರೆಯಬೇಕಾದ ಹಾಗೆಯೇ.
ಕಿಸಕ್ಕೆಂದರು ಎಲ್ಲ. ಟೀಚರು: "ಯಾರಿವರು, ಲಿಸೆಟ್?"
"ಗೊತ್ತಿಲ್ಲ" ಅಂದೆ, ಅಚ್ಚ ಇಂಗ್ಲಿಷಿನಲ್ಲಿ.
ಅಜ್ಜಿ ಹೋದಳು. ಕಥೆ ಇಷ್ಟೇ.

ಹೀಟರು ಕೂಡ ಉಸಿರು ಹಿಡಿದಂತಿತ್ತು.
ಕೋಲ್ಬಿ ಕೇಳಿದ: "ಇದಕ್ಕೆ ಎಷ್ಟು ಮಾರ್ಕು?"
ನಕ್ಕೆವು. ಆಮೇಲೆ ಪೆನ್ನುಗಳ ಸದ್ದು,
ಗೋಡೆಯೊಳಗೆ ಇಲಿ ಓಡಾಡಿದ ಹಾಗೆ.

ಟ್ಯಾನಿಸ್ ಬರೆದಳು, ಮಲತಂದೆಯ ಟ್ರಕ್ಕು
ಕುಡಿದು ಬರುವಾಗ ಹೇಗೆ ಬೇರೆ ದನಿ ಮಾಡುತ್ತದೆಂದು.
ಇನ್ನೊಬ್ಬ ಬರೀ ಒಂದು ಸಾಲು: "ನನಗೂ ಒಂದಿದೆ. ಈಗ ಬೇಡ."
ಪೂರ್ತಿ ಮಾರ್ಕು ಕೊಟ್ಟೆ. ಪ್ರಿನ್ಸಿಪಾಲರು ವಿವರಣೆ ಕೇಳಿದ್ದಾರೆ.
ಕೋಲ್ಬಿಯದು ಎರಡು ಹಾಳೆ, ಪ್ಯಾರಾ ಇಲ್ಲ, ಅಲ್ಪವಿರಾಮ ಇಲ್ಲ:
ಗಿರಣಿಯ ಗೇಟು ಅಮ್ಮನ ಕಾರು ಅಪ್ಪನನ್ನು ಹೊರತಂದರು ಕೈಗೆ ಟವೆಲು
ಹಿಮ ಬೀಳುತ್ತಿತ್ತು ಬಿಳಿಯ ಮೇಲೆ ಕೆಂಪು ಚುಕ್ಕೆ
ಆಂಬುಲೆನ್ಸಿನ ತನಕ ಎಣಿಸಿದೆ ಹದಿನೇಳು.

ನನ್ನ ಕೆಂಪು ಪೆನ್ನಿನ ಮುಚ್ಚಳ ಬಿಚ್ಚಲಾಗಲಿಲ್ಲ.

ಪೋಷಕರ ಸಂಜೆ ಬಂದರು ಜೀಲ್ಬೇರ್ ಥಿಬೊಡೊ,
ಬಲಗೈ ಜಾಕೆಟಿನ ಜೇಬಲ್ಲಿ,
ಎಡಗೈಯಲ್ಲಿ ಮಡಚಿದ ಅದೇ ಎರಡು ಹಾಳೆ.
ಮನೆಯ ಮಾತು ಬೀದಿಗೆಳೆದಿರಿ ಅನ್ನುತ್ತಾರೆಂದು
ಉತ್ತರ ಹೊಸೆಯುತ್ತ ಕೂತಿದ್ದೆ.

"ಒಂದು ತಪ್ಪಿದೆ" ಅಂದರು.
"ಅದು ಆಗಸ್ಟು ತಿಂಗಳು. ಹಿಮ ಎಲ್ಲಿಂದ ಬರಬೇಕು?"
"ತಿದ್ದಿಸಲೇ?"
ಹಾಳೆಯನ್ನು ದೀಪಕ್ಕೆ ಹಿಡಿದರು,
ಕಾಗದ ಮಾಡಿದವರು ಹಿಡಿಯುವ ಹಾಗೆ,
ಅಕ್ಷರ ಬಿಟ್ಟು ನಾರು ನೋಡುತ್ತ.
"ಬೇಡ" ಅಂದರು ಬಹಳ ಹೊತ್ತಿನ ಮೇಲೆ.
"ಅವನಿಗೆ ಚಳಿಯಾಗಿತ್ತು ಅಂತ ಕಾಣುತ್ತೆ."

ಜೇಬಿನಿಂದ ಬಲಗೈ ತೆಗೆದು
ಉಳಿದ ಎರಡು ಬೆರಳಲ್ಲಿ ಪೆನ್ನು ಹಿಡಿದು
ರಿಜಿಸ್ಟರಿಗೆ ಸಹಿ ಹಾಕಿದರು. ನಿಧಾನಕ್ಕೆ.
ನಾನು ಬೇರೆ ಕಡೆ ನೋಡಲಿಲ್ಲ.

ಮರುದಿನ, ಮೂರನೇ ಪಿರಿಯಡ್ಡು.
ಹಾಜರಿ ಕೂಗದೆಯೇ ಶುರುಮಾಡಿದೆ:
ಅವತ್ತಿನ ಕಥೆಯಲ್ಲಿ ಒಂದು ಸಾಲು ನುಂಗಿದ್ದೆ.
ಅಜ್ಜಿ ಸುಮ್ಮನೆ ಹೋಗಲಿಲ್ಲ.
ಬುತ್ತಿ ಎದೆಗವಚಿ, ಟೀಚರ ಕಡೆ ತಿರುಗಿ,
ಎಲ್ಲೆಲ್ಲೋ ಕೇಳಿ ಕೂಡಿಟ್ಟ ಚಿಲ್ಲರೆ ಇಂಗ್ಲಿಷನ್ನೆಲ್ಲ
ಒಟ್ಟು ಹಾಕಿ ಅಂದಳು:
"ಕ್ಷಮಿಸಿ. ಶಾಲೆ ತಪ್ಪಿ ಬಂದೆ."

ಯಾರೋ ಕುರ್ಚಿ ಸರಿಸಿದರು.
ಟ್ಯಾನಿಸ್ ಕೈಯೆತ್ತಿದಳು:
"ಮಿಸ್ ಪಿ, ಬುತ್ತಿಯಲ್ಲಿ ಏನಿತ್ತು?"

ಗೊತ್ತಿಲ್ಲ, ಅಂದೆ.